ಫರ್ಲಾರ್ನ್: ಕವಿಯ ಒಂಟಿತನ, ಸೈನಿಕನ ಸಾವು

1799ರ ಮೇ 4ರಂದು ಬ್ರಿಟಿಷರು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದರು. ಆ ದಿನದ ಇಂಗ್ಲಿಷ್ ವರದಿಗಳಲ್ಲಿ ‘ಫರ್ಲಾರ್ನ್ ಹೋಪ್’ ಎಂಬ ಮಾತು ಬರುತ್ತದೆ. ಈಗಿನ ಇಂಗ್ಲಿಷಿನಲ್ಲಿ ಹಾಗೆಂದರೆ ಕೈಗೂಡದ ಆಸೆ. ಆದರೆ ಆ ವರದಿಗಳಲ್ಲಿ ಅದು ಆಸೆಯಲ್ಲ, ಒಂದಷ್ಟು ಜನ. ಎಲ್ಲರಿಗಿಂತ ಮೊದಲು ಗುಂಡಿಗೆ ಎದೆಯೊಡ್ಡಬೇಕಾದವರು.

ಫರ್ಲಾರ್ನ್ ತೀರಾ ಹಳೆಯ ಪದ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಪೂರ್ತಿ ಕಳೆದುಕೊಳ್ಳು’ ಎನ್ನುವುದಕ್ಕೆ ಒಂದು ಕ್ರಿಯಾಪದವಿತ್ತು. ‘ಕಳೆದುಹೋದ’ ಎನ್ನಲು ಅದರ ರೂಪ ‘ಫೊರ್ಲೊರೆನ್’. ಕ್ರಿಯಾಪದ ಬಳಕೆಯಿಂದ ಬಿದ್ದುಹೋಯಿತು, ಈ ರೂಪ ಮಾತ್ರ ಉಳಿಯಿತು. ಮೊದಲು ಕೆಟ್ಟುಹೋದವನು ಅಂತ ಅರ್ಥವಿತ್ತು. ಆಮೇಲೆ ಎಲ್ಲರೂ ಕೈಬಿಟ್ಟವನು, ದಿಕ್ಕಿಲ್ಲದವನು ಎಂಬ ಅರ್ಥ ಬಂತು. ಕವಿಗಳಿಗೆ ಬೇಕಾಗಿದ್ದು ಇದೇ. 1819ರಲ್ಲಿ ಜಾನ್ ಕೀಟ್ಸ್ ನೈಟಿಂಗೇಲ್ ಹಕ್ಕಿಯ ಮೇಲೆ ಬರೆದ ಕವಿತೆಯ ಒಂದು ಪದ್ಯ ಈ ಪದದಲ್ಲೇ ಮುಗಿಯುತ್ತದೆ, ಮುಂದಿನ ಪದ್ಯ ಇದರಿಂದಲೇ ಶುರುವಾಗುತ್ತದೆ. ಹಕ್ಕಿಯ ಹಾಡಲ್ಲಿ ಮೈಮರೆತವನನ್ನು ಆ ಒಂದು ಪದ ಗಂಟೆ ಬಾರಿಸಿದ ಹಾಗೆ ಎಬ್ಬಿಸಿ, ಮತ್ತೆ ಒಂಟಿ ಮಾಡಿಬಿಡುತ್ತದೆ.

ಸೇನೆಗೆ ಇದು ಬಂದ ದಾರಿಯೇ ಬೇರೆ. 16ನೇ ಶತಮಾನದಲ್ಲಿ ಡಚ್ಚರು ಮುಂಚೂಣಿಗೆ ಕಳಿಸುವ ಸಣ್ಣ ತುಕಡಿಯನ್ನು ‘ವರ್ಲೋರನ್ ಹೋಪ್’ ಎನ್ನುತ್ತಿದ್ದರು. ‘ಹೋಪ್’ ಅಂದರೆ ಗುಂಪು, ಅಂದರೆ ಕಳೆದುಕೊಂಡ ಗುಂಪು. ಹೋದವರು ವಾಪಸ್ ಬರಲ್ಲ ಅಂತ ಲೆಕ್ಕ ಹಾಕಿಯೇ ಇಟ್ಟ ಹೆಸರು. ಫ್ರೆಂಚರೂ ಇಂಥವರನ್ನು ‘ಕಳೆದುಹೋದ ಮಕ್ಕಳು’ ಎಂದೇ ಕರೆದರು. ಇಂಗ್ಲಿಷರ ಕಿವಿಗೆ ಡಚ್ಚರ ಗುಂಪು ತಮ್ಮ ಭಾಷೆಯ ‘ಹೋಪ್’, ಅಂದರೆ ಆಸೆ, ಎಂದು ಕೇಳಿಸಿತು. ಅಲ್ಲಿಂದ ಆ ಸೈನಿಕರ ಹೆಸರಿಗೆ ಇಲ್ಲದ ಆಸೆಯೊಂದು ಅಂಟಿಕೊಂಡಿತು. 17ನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದ ಹೊತ್ತಿಗೆ ಬರೀ ‘ಫರ್ಲಾರ್ನ್’ ಅಂದರೂ ಮುಂಚೂಣಿ ತುಕಡಿ ಎಂದೇ ಅರ್ಥವಾಗುತ್ತಿತ್ತು.

ಇಂಥ ತುಕಡಿ ಯಾಕೆ ಬೇಕಿತ್ತು? ಫಿರಂಗಿ ಹೊಡೆದು ಕೋಟೆಗೋಡೆ ಒಡೆದರೆ ಕಲ್ಲುಮಣ್ಣಿನ ಇಳಿಜಾರು ಬೀಳುತ್ತದೆ. ಒಳಗಿನವರ ಬಂದೂಕುಗಳೆಲ್ಲ ಅಲ್ಲಿಗೇ ಗುರಿಯಿಟ್ಟಿರುತ್ತವೆ. ಆಗಿನ ಬಂದೂಕಿಗೆ ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಗಜ ಹಾಕಿ ಜಡಿಯಬೇಕು. ಒಮ್ಮೆ ಹೊಡೆದ ಮೇಲೆ ಮತ್ತೆ ಹೊಡೆಯೋದಕ್ಕೆ ಹೊತ್ತು ಹಿಡಿಯುತ್ತದೆ. ಮೊದಲ ಗುಂಡುಗಳನ್ನು ಯಾರಾದರೂ ತಿಂದರೆ, ಹಿಂದಿನವರು ಅಷ್ಟರಲ್ಲಿ ಒಳಗೆ ನುಗ್ಗಬಹುದು. ಆ ‘ಯಾರಾದರೂ’ ಇವರೇ.

ಶ್ರೀರಂಗಪಟ್ಟಣದಲ್ಲಿ ದಾಳಿಯ ನೇತೃತ್ವ ಡೇವಿಡ್ ಬೇರ್ಡ್‌ನದು. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ಮೂರು ವರ್ಷಕ್ಕೂ ಜಾಸ್ತಿ ಇದೇ ಊರಲ್ಲಿ ಬಂಧಿಯಾಗಿದ್ದವನು ಅವನು. ಬೇಸಿಗೆಯಾದ್ದರಿಂದ ಕಾವೇರಿಯಲ್ಲಿ ನೀರು ಕಡಿಮೆಯಿತ್ತು. ಮಧ್ಯಾಹ್ನ ಒಂದು ಗಂಟೆ ದಾಟುತ್ತಿದ್ದಂತೆ ಎರಡು ಪಡೆಗಳು ಬಂಡೆಗಳ ನಡುವೆ ಹೊಳೆಗೆ ಇಳಿದವು. ಒಂದೊಂದು ಪಡೆಯ ಮುಂದೂ ಒಬ್ಬ ಸಾರ್ಜೆಂಟ್ ಮತ್ತು 12 ಸೈನಿಕರ ಫರ್ಲಾರ್ನ್ ಹೋಪ್. ಅಂಥ ಒಬ್ಬ ಸಾರ್ಜೆಂಟ್ ಗ್ರಹಾಂ, ಬಾಂಬೆ ಸೇನೆಯ ಯುರೋಪಿಯನ್ ಪಡೆಯವನು. ಬದುಕಿ ಬಂದರೆ ಅವನಿಗೆ ಅಧಿಕಾರಿಯ ಹುದ್ದೆ ಸಿಗುವುದಿತ್ತು. ಗೋಡೆ ಒಡೆದ ಜಾಗ ಹತ್ತಿದವನು ಟೋಪಿ ತೆಗೆದು ‘ಲೆಫ್ಟಿನೆಂಟ್ ಗ್ರಹಾಂಗೆ ಜಯವಾಗಲಿ’ ಎಂದು ತನಗೆ ತಾನೇ ಕೂಗಿಕೊಂಡ ಎನ್ನುತ್ತವೆ ಬ್ರಿಟಿಷ್ ವೃತ್ತಾಂತಗಳು. ಬಾವುಟ ನೆಟ್ಟ ಕ್ಷಣದಲ್ಲೇ ತಲೆಗೆ ಗುಂಡು ಬಿತ್ತು. ಲೆಫ್ಟಿನೆಂಟ್ ಆಗಲೇ ಇಲ್ಲ. ಅದೇ ದಿನ ಟಿಪ್ಪು ಸುಲ್ತಾನನೂ ಕೋಟೆಯೊಳಗೆ ಹೋರಾಡುತ್ತಾ ಸತ್ತ. ನಮ್ಮೂರ ನೆಲದಲ್ಲಿ ನಿಂತು ನೋಡಿದರೆ ಗ್ರಹಾಂ ಶತ್ರುವಿನ ಕಡೆಯವನು, ನಿಜ. ಆದರೂ ಆ ಕೂಗು ನನಗೆ ಬಹಳ ದಿನ ಮನಸ್ಸಿನಿಂದ ಹೋಗಲಿಲ್ಲ. ಬಡ್ತಿಗೆ ಬೇರೆ ದಾರಿ ಇಲ್ಲದ ಬಡವನ ಪ್ರಾಣವನ್ನು ಒಂದು ಹುದ್ದೆಯ ಮಾತು ಕೊಟ್ಟು ಕೊಳ್ಳುತ್ತಿದ್ದರು, ಅಲ್ವಾ?

ಸ್ಪೇನಿನ ಬಡಾಹೋಸ್‌ನಲ್ಲಿ ಫ್ರೆಂಚರ ಕೈಲಿದ್ದ ಕೋಟೆಗೆ 1812ರ ಏಪ್ರಿಲ್‌ನಲ್ಲಿ ಬ್ರಿಟಿಷರು ನುಗ್ಗಿದಾಗಲೂ ಇದೇ ಕ್ರಮ ನಡೆಯಿತು. ಅಲ್ಲಿ ಒಡೆದ ಗೋಡೆಯ ಮೇಲೆ ಫ್ರೆಂಚರು ಕತ್ತಿಯ ಅಲಗು ಚುಚ್ಚಿದ ಮರದ ದಿಮ್ಮಿಗಳನ್ನು ಅಡ್ಡ ಹಾಕಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಮೇ 22ರಂದು, ವಿಕ್ಸ್‌ಬರ್ಗ್ ಮೇಲಿನ ದಾಳಿಗೆ ಸುಮಾರು 150 ಸ್ವಯಂಸೇವಕರು ಮುಂದೆ ಹೋದರು. ಮದುವೆಯಾಗದವರನ್ನು ಮಾತ್ರ ಆರಿಸಿದ್ದರು. ಕಂದಕಕ್ಕೆ ಸೇತುವೆ ಹಾಕಲು ದಿಮ್ಮಿ, ಹಲಗೆ, ಏಣಿ ಹೊತ್ತು ಗುಂಡಿನ ಮಳೆಯಲ್ಲಿ ಓಡಿದರು. ದಾಳಿ ಸೋತಿತು. ಆಮೇಲೆ ಅವರಲ್ಲಿ 70ಕ್ಕೂ ಜಾಸ್ತಿ ಜನರಿಗೆ ಅಮೆರಿಕದ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಬಂತು.

ಬೇಗ ಬೇಗ ಗುಂಡು ಹಾರಿಸುವ ರೈಫಲ್ಲು, ಮೆಷಿನ್‌ಗನ್ನು ಬಂದ ಮೇಲೆ ಹತ್ತಾರು ಜನ ಸತ್ತು ಹೊತ್ತು ಗಳಿಸುವ ಲೆಕ್ಕ ಕೆಲಸಕ್ಕೆ ಬರಲಿಲ್ಲ. ತುಕಡಿಯ ಹೆಸರೂ ಸೇನೆಯಿಂದ ಮರೆಯಾಯಿತು. ಉಳಿದದ್ದು ತಪ್ಪಾಗಿ ಕೇಳಿಸಿಕೊಂಡ ಆಸೆ ಮಾತ್ರ. ಈಗ ಸೋಲುವ ಪಂದ್ಯಕ್ಕೂ, ಗೆಲ್ಲಲಾರದ ಚುನಾವಣೆಗೂ ಅದನ್ನೇ ಬಳಸುತ್ತಾರೆ.