ತಂತಿಗೆ ಸುತ್ತಿದ ನೂಲು, ಚಾರ್ಟಿನ ತುದಿಗೇರಿದ ಹಾಡು

ಅಮೆರಿಕದ ಗಾಯಕ ಸ್ಟೀವಿ ವಂಡರ್ ಅವರ ‘ಸೂಪರ್‌ಸ್ಟಿಷನ್’ (ಮೂಢನಂಬಿಕೆ) ಹಾಡು ಕೇಳಿದವರಲ್ಲಿ ಬಹಳ ಜನ ಅದರಲ್ಲಿ ಕುಣಿಯುವ ವಾದ್ಯ ಗಿಟಾರ್ ಅಂತಲೇ ತಿಳಿದಿದ್ದಾರೆ. ಅಲ್ಲ, ಅದು ಕ್ಲಾವಿನೆಟ್. ಪಿಯಾನೋದಂತೆ ಕೀಲಿಮಣೆ ಇರುವ ವಾದ್ಯ. ಗಿಟಾರ್ ಅನ್ನಿಸೋದಕ್ಕೆ ಕಾರಣವೂ ಇದೆ. ಅದರೊಳಗೆ ನಿಜವಾದ ತಂತಿಗಳಿವೆ, ಅವುಗಳ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳೂ ಇವೆ. ಈ ಹಾಡಿನ ಮಾತು ಬಂದರೆ ಎಲ್ಲರೂ ಸ್ಟೀವಿಯ ಪ್ರತಿಭೆಯನ್ನು ಹೊಗಳಿ ಮುಗಿಸಿಬಿಡುತ್ತಾರೆ. ಆ ಸದ್ದು ಹುಟ್ಟುವ ಬಗೆಯನ್ನೂ ಸ್ವಲ್ಪ ನೋಡಬೇಕಲ್ವಾ?

ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಕ್ಲಾವಿನೆಟ್‌ನಲ್ಲಿ ಸರಿಯುವುದಿಲ್ಲ. ಕೀಲಿಯ ಕೆಳಗೆ ಚಿಕ್ಕ ರಬ್ಬರ್ ತುದಿ ಇರುತ್ತದೆ. ಅದು ತಂತಿಯನ್ನು ಲೋಹದ ಪುಟ್ಟ ಅಡಿಗಲ್ಲಿಗೆ ಕುಟ್ಟಿ, ಅಲ್ಲೇ ಒತ್ತಿ ಹಿಡಿಯುತ್ತದೆ. ವೀಣೆಯಲ್ಲಿ ಬಲಗೈ ಮೀಟದೆ, ಎಡಗೈ ಬೆರಳನ್ನೇ ಮೆಟ್ಟಿಲಿನ ಮೇಲೆ ಜೋರಾಗಿ ಕುಟ್ಟಿದರೂ ಸ್ವರ ಹುಟ್ಟುತ್ತದೆ. ಇಲ್ಲಿ ಆಗುವುದೂ ಅದೇ. ಕುಟ್ಟಿದ ಜಾಗದಲ್ಲಿ ತಂತಿ ಎರಡು ಭಾಗವಾಗುತ್ತದೆ. ಪಿಕಪ್ ಕಡೆಯ ಭಾಗ ಕಂಪಿಸುತ್ತದೆ. ಇನ್ನೊಂದು ಭಾಗಕ್ಕೆ ನೂಲು ಸುತ್ತಿರುವುದರಿಂದ ಅದು ಸುಮ್ನೆ ಇರುತ್ತದೆ.

ನನಗೆ ತುಂಬಾ ಇಷ್ಟವಾಗೋದು ಆ ನೂಲು. ಬೆರಳೆತ್ತಿದ ಕೂಡಲೇ ಎರಡು ಭಾಗಗಳೂ ಮತ್ತೆ ಒಂದೇ ತಂತಿಯಾಗುತ್ತವೆ. ಕಂಪನ ನೂಲಿನ ಕಡೆಗೆ ಹರಿದು ಅಲ್ಲೇ ಅಡಗುತ್ತದೆ. ಸ್ವರ ಥಟ್ಟನೆ ನಿಲ್ಲುತ್ತದೆ. ಈ ಹಾಡಿನ ವೇಗ ನಿಮಿಷಕ್ಕೆ ಸುಮಾರು 100 ಬೀಟ್. ಒಂದು ಬೀಟ್ ಅಂದರೆ 0.6 ಸೆಕೆಂಡ್. ಅದನ್ನು ನಾಲ್ಕಾಗಿ ಸೀಳಿ ನುಡಿಸಿದರೆ ಒಂದೊಂದು ಸ್ವರಕ್ಕೆ ಸಿಗುವುದು 0.15 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಹಿಂದಿನ ಸ್ವರ ನಿಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ. ಈ ಹಾಡಿನ ಶೈಲಿಯಾದ, ಕುಣಿಸುವ ಫಂಕ್ ಸಂಗೀತದ ಜೀವ ಇರುವುದು ಸ್ವರಗಳ ನಡುವಿನ ಆ ಚೊಕ್ಕ ಬಿಡುವಿನಲ್ಲಿ. ನಮ್ಮ ಕಾಲು ತಾಳ ಹಾಕೋದೂ ಆ ಬಿಡುವಿಗೇ.

ಕ್ಲಾವಿನೆಟ್ ಮಾಡಿದ್ದು ಜರ್ಮನಿಯ ಹೋನರ್ ಕಂಪನಿ, 1960ರ ದಶಕದಲ್ಲಿ. ಹಾರ್ಮೋನಿಕಾಗೆ ಹೆಸರಾದ ಕಂಪನಿ ಅದು. ರೂಪಿಸಿದವರು ಅರ್ನ್ಸ್ಟ್ ಝಕರಿಯಾಸ್. ಜರ್ಮನ್ ಸಂಗೀತಗಾರ ಬಾಖ್ ಕಾಲದ ಕ್ಲಾವಿಕಾರ್ಡ್ ಎಂಬ ಮೆಲುದನಿಯ ವಾದ್ಯದ ವಿದ್ಯುತ್ ರೂಪ ಇದು. ಹಳೆಯ ಯುರೋಪಿನ ಕೋಣೆ ಸಂಗೀತದ ಆ ತಂತ್ರ ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ, 1972ರಲ್ಲಿ, 22 ವರ್ಷದ ಕಪ್ಪು ಅಮೆರಿಕನ್ ಸಂಗೀತಗಾರನ ಕೈಗೆ ಸಿಕ್ಕಿತು!

ಆ ಹಾಡಿನ ಆರಂಭದ ಡ್ರಮ್ಸ್ ಕೂಡ ಸ್ಟೀವಿ ನುಡಿಸಿದ್ದೇ. ಬೇಸ್, ಅಂದರೆ ತಗ್ಗು ಸ್ವರಗಳು ಮಾತ್ರ ತಂತಿಯದ್ದಲ್ಲ, ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರಿನದ್ದು. ಅದರಲ್ಲಿ ನೆರವಾದವರು ಮಾಲ್ಕಮ್ ಸೆಸಿಲ್ ಮತ್ತು ರಾಬರ್ಟ್ ಮಾರ್ಗುಲೆಫ್. ಟ್ರಂಪೆಟ್ ಸ್ಟೀವ್ ಮಡಾಯೊ, ಸ್ಯಾಕ್ಸೊಫೋನ್ ಟ್ರೆವರ್ ಲಾರೆನ್ಸ್. ಕ್ಲಾವಿನೆಟ್ಟನ್ನು ಒಂದರ ಮೇಲೊಂದು ಹಲವು ಪದರಗಳಲ್ಲಿ ರೆಕಾರ್ಡ್ ಮಾಡಿದರು. ಒಬ್ಬರೇ ನುಡಿಸಿದ್ದರೂ ಇಬ್ಬರು ಮೂವರು ಮಾತಿಗೆ ಮಾತು ಕೊಡುತ್ತಿದ್ದಾರೆ ಅನ್ನಿಸೋದು ಅದಕ್ಕೇ.

ಗಿಟಾರ್ ವಾದಕ ಜೆಫ್ ಬೆಕ್‌ಗೆ ಈ ಹಾಡಿನ ಮೇಲೆ ಆಸೆ ಇತ್ತು. ತಮ್ಮ ಬ್ಯಾಂಡ್ ಜೊತೆ ಅವರೂ ರೆಕಾರ್ಡ್ ಮಾಡಿದರು. ಆದರೆ ಸ್ಟೀವಿಯ ರೆಕಾರ್ಡ್ ಕಂಪನಿ ಮೋಟೌನ್ ಅವರದ್ದನ್ನು 1972ರ ಅಕ್ಟೋಬರ್‌ನಲ್ಲೇ ಬಿಡುಗಡೆ ಮಾಡಿತು. ಬೆಕ್ ಅವರದ್ದು ಬಂದದ್ದು 1973ರಲ್ಲಿ. ಅಷ್ಟರಲ್ಲಿ, ಅದೇ ವರ್ಷದ ಜನವರಿಯಲ್ಲಿ, ಸ್ಟೀವಿಯ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಚಾರ್ಟ್ ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನಕ್ಕೆ ಏರಿತ್ತು. ಆ ಚಾರ್ಟಿನಲ್ಲಿ ಸ್ಟೀವಿ ಮೊದಲ ಸಲ ತುದಿ ಮುಟ್ಟಿದ್ದು 1963ರಲ್ಲಿ, 13 ವರ್ಷದ ಹುಡುಗನಾಗಿದ್ದಾಗ. ಮುಂದೆ ‘ಸೂಪರ್‌ಸ್ಟಿಷನ್’ಗೆ ಎರಡು ಗ್ರ್ಯಾಮಿ ಪ್ರಶಸ್ತಿಗಳೂ ಬಂದವು.

ಹಾಡಿನಲ್ಲಿರುವುದು ಒಡೆದ ಕನ್ನಡಿ, 13ರ ಅಂಕಿ, ಏಳು ವರ್ಷದ ದುರದೃಷ್ಟ. ಅರ್ಥವಾಗದ್ದನ್ನು ನಂಬಿದರೆ ನರಳುತ್ತೀರಿ ಅಂತ ಸ್ಟೀವಿ ನೇರವಾಗಿ ಹೇಳುತ್ತಾರೆ. ಮೂಢನಂಬಿಕೆ ವಿರುದ್ಧ ಇಷ್ಟು ಖಡಕ್ಕಾಗಿ ಹೇಳುವ ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯಿತು ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಹೋನರ್ 1980ರ ದಶಕದಲ್ಲಿ ಕ್ಲಾವಿನೆಟ್ ತಯಾರಿ ನಿಲ್ಲಿಸಿತು. ಹಳೆಯ ವಾದ್ಯಗಳು ಈಗಲೂ ಓಡಾಡುತ್ತಿವೆ. ಅವುಗಳ ರಬ್ಬರ್ ತುದಿಗಳು ವರ್ಷ ಕಳೆದಂತೆ ಕರಗಿ ಅಂಟಂಟಾಗಿ ತಂತಿಗೆ ಮೆತ್ತಿಕೊಳ್ಳುತ್ತವೆ. ಅದಕ್ಕೇ ಕೊಂಡವರು ಮೊದಲು ಮಾಡಿಸುವ ರಿಪೇರಿ ಅದೇ: 60 ಕೀಲಿಗಳಿಗೂ ಹೊಸ ತುದಿ, ತಂತಿಗಳಿಗೆ ಬೇಕಾದರೆ ಹೊಸ ನೂಲು.