ಗೇಮ್ ಅಷ್ಟು ಚೆನ್ನಾಗಿತ್ತಲ್ಲ, ಸರಣಿ ಮಾಡುವಾಗ ಕಥೆಯನ್ನು ಯಾಕೆ ಬದಲಾಯಿಸಿದರು?

ಓದುಗರ ಪ್ರಶ್ನೆ: 'ದಿ ಲಾಸ್ಟ್ ಆಫ್ ಅಸ್' ವಿಡಿಯೊ ಗೇಮ್‌ನ ಎರಡೂ ಭಾಗಗಳನ್ನು ಆಡಿ ಮುಗಿಸಿದ್ದೇನೆ. ಅದು ಮೊದಲೇ ಸಿನಿಮಾ ಇದ್ದ ಹಾಗಿದೆ. ಆದರೂ ಎಚ್‌ಬಿಒ ಸರಣಿಯಲ್ಲಿ ಬಿಲ್‌ನ ಕಥೆಯೇ ಬೇರೆ, ಸೋಂಕು ಹರಡುವ ರೀತಿ ಬೇರೆ, ಆ್ಯಬಿಯ ಗುಟ್ಟಂತೂ ಶುರುವಿನಲ್ಲೇ ಬಯಲು. ಇದ್ದದ್ದನ್ನು ಇದ್ದ ಹಾಗೇ ತೆಗೆಯೋಕೆ ಏನು ಕಷ್ಟವಿತ್ತು?

ಉತ್ತರ: ಗೇಮ್ ಆಡಿದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಉತ್ತರದಲ್ಲಿ ಕಥೆಯ ಕೊನೆಯೂ ಬರುತ್ತದೆ, ಇನ್ನೂ ನೋಡದವರು, ಆಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಸಿನಿಮಾ ಇದ್ದ ಹಾಗಿದೆ ಅಂದಿರಿ. ಮಾತುಕತೆಯ ದೃಶ್ಯಗಳ ಮಟ್ಟಿಗೆ ನಿಜ. ಶಿಲೀಂಧ್ರದ ಸೋಂಕು ತಗುಲಿ ಜನ ರಾಕ್ಷಸರಂತಾದ ಅಮೆರಿಕದಲ್ಲಿ, ಆ ಸೋಂಕು ತಟ್ಟದ ಎಲ್ಲಿ (Ellie) ಎಂಬ ಹುಡುಗಿಯನ್ನು ಜೋಯೆಲ್ ಎಂಬಾತ ಮದ್ದು ಹುಡುಕುವವರ ಬಳಿಗೆ ಕರೆದೊಯ್ಯುವ ಕಥೆಯಿದು. ಆದರೆ ನಿಮಗೆ ಎಲ್ಲಿಯ ಮೇಲೆ ಅಷ್ಟೊಂದು ಅಕ್ಕರೆ ಹುಟ್ಟಿದ್ದು ಆ ದೃಶ್ಯಗಳಿಂದಲ್ಲ. ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ನಡುವೆ ಗಂಟೆಗಟ್ಟಲೆ ಕಂಟ್ರೋಲರ್ ಹಿಡಿದು ನೀವು ನಡೆದಿರಲ್ಲ, ಡ್ರಾಯರ್‌ಗಳನ್ನು ತಡಕಾಡಿ ಕತ್ತರಿ, ಬಟ್ಟೆ ಚೂರು ಹುಡುಕಿದಿರಲ್ಲ, ನೀರು ಬಂದಲ್ಲೆಲ್ಲ ಈಜು ಬಾರದ ಹುಡುಗಿಗಾಗಿ ಮರದ ಹಲಗೆ ತಂದು ದಾಟಿಸಿದಿರಲ್ಲ, ಆ ಹೊತ್ತಿನಲ್ಲಿ ಹುಟ್ಟಿದ್ದು. ಅದಕ್ಕೆ ಕ್ಯಾಮೆರಾ ಇಡಲು ಬರುವುದಿಲ್ಲ. ಇಟ್ಟರೂ ಇನ್ಯಾರೋ ಡ್ರಾಯರ್ ತಡಕಾಡುವುದನ್ನು ಯಾರು ನೋಡುತ್ತಾರೆ? ಹಾಗಾಗಿ ಸರಣಿ ಮಾಡಿದವರ ಮುಂದಿದ್ದ ಕೆಲಸ ಒಂದೇ: ಆಟಗಾರನ ಕೈ ಮಾಡುತ್ತಿದ್ದ ಕೆಲಸಕ್ಕೆ ಬದಲಿ ಹುಡುಕುವುದು. ಬದಲಿ ಸಿಕ್ಕ ಕಡೆ ಸರಣಿ ಗೆದ್ದಿದೆ, ಸಿಗದ ಕಡೆ ಸೊರಗಿದೆ.

ಏಣಿಯ ಉದಾಹರಣೆ ನೋಡಿ. ಗೇಮ್‌ನಲ್ಲಿ ಎತ್ತರದ ಗೋಡೆ ಅಡ್ಡ ಬಂದಾಗಲೆಲ್ಲ ಜೋಯೆಲ್ ಬೆನ್ನು ಗೋಡೆಗೆ ಆನಿಸಿ ಕೈ ಜೋಡಿಸಿ ನಿಲ್ಲುತ್ತಾನೆ, ಎಲ್ಲಿ ಓಡಿ ಬಂದು ಆ ಕೈ ಮೇಲೆ ಕಾಲಿಟ್ಟು ಹತ್ತುತ್ತಾಳೆ, ಮೇಲಿನಿಂದ ಏಣಿ ಇಳಿಸುತ್ತಾಳೆ. ತ್ರಿಕೋನದ ಬಟನ್ ಒತ್ತಿದರೆ ಸಾಕು. ಎಷ್ಟು ಸಲ ಒತ್ತಿರುತ್ತೀರಿ ಎಂದರೆ ಬೆರಳಿಗೆ ಅದು ಅಭ್ಯಾಸವಾಗಿರುತ್ತದೆ. ಕಥೆ ಸಾಲ್ಟ್ ಲೇಕ್ ಸಿಟಿ ಮುಟ್ಟುವ ಹೊತ್ತಿಗೆ, ಅವಳನ್ನು ಹಿಡಿದಿಟ್ಟಿದ್ದ ಕ್ರೂರಿ ಡೇವಿಡ್‌ನ ಕೈಯಿಂದ ಎಲ್ಲಿ ಪಾರಾಗಿ ಬಂದ ಮೇಲೆ, ಮತ್ತೆ ಅದೇ ಗೋಡೆ, ಅದೇ ಬಟನ್. ಜೋಯೆಲ್ ಕೈ ಜೋಡಿಸಿ ನಿಲ್ಲುತ್ತಾನೆ. ಎಲ್ಲಿ ಬರುವುದಿಲ್ಲ. ಕ್ಯಾಮೆರಾ ತಿರುಗಿಸಿ ನೋಡಿದರೆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾಳೆ. ಅವಳೊಳಗೆ ಏನೋ ಮುರಿದಿದೆ ಅನ್ನುವುದು ನಿಮಗೆ ಮೊದಲು ತಿಳಿಯುವುದು ಬೆರಳಿನ ಮೂಲಕ. ಸರಣಿಯ ಮೊದಲ ಸೀಸನ್ನಿನ ಕೊನೆಯ ಎಪಿಸೋಡಿನಲ್ಲೂ ಏಣಿ ಇದೆ, ಆಮೇಲೆ ಗೇಮ್‌ನಲ್ಲಿ ಬರುವ ಜಿರಾಫೆಯೂ ಇದೆ, ಅದೂ ನಿಜವಾದ ಜಿರಾಫೆ. ಚೆನ್ನಾಗಿಯೂ ಇದೆ. ಆದರೆ ಆ ಅಭ್ಯಾಸ ನೋಡುಗನಿಗೆ ಇಲ್ಲವಲ್ಲ, ಹಾಗಾಗಿ ಅದು ಒಂದು ಒಳ್ಳೆಯ ದೃಶ್ಯವಾಗಿ ಬಂದು ಹೋಗುತ್ತದೆ, ಅಷ್ಟೇ. ಇದ್ದ ಹಾಗೇ ತೆಗೆದರೆ ಏನಾಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಸೋನಿಯ ಒಡೆತನದ ನಾಟಿ ಡಾಗ್ ಸ್ಟುಡಿಯೊ ಈ ಗೇಮನ್ನು ಪ್ಲೇಸ್ಟೇಷನ್ 3ಕ್ಕೆಂದು 2013ರ ಜೂನ್‌ನಲ್ಲಿ ಬಿಡುಗಡೆ ಮಾಡಿತು. ಕಥೆ ನೀಲ್ ಡ್ರಕ್‌ಮನ್ ಅವರದು, ನಿರ್ದೇಶನದಲ್ಲಿ ಬ್ರೂಸ್ ಸ್ಟ್ರೇಲಿ ಜೊತೆಗಿದ್ದರು. ಮರುವರ್ಷವೇ ಸಿನಿಮಾ ಮಾಡುವ ಪ್ರಯತ್ನ ಶುರುವಾಯಿತು, ನಿರ್ಮಾಪಕರಾಗಿ ಸ್ಯಾಮ್ ರೈಮಿ ಇದ್ದರು, ಚಿತ್ರಕಥೆಯನ್ನು ಡ್ರಕ್‌ಮನ್ ಬರೆದರು. ಅದು ಮುಂದೆ ಹೋಗಲಿಲ್ಲ, ಹೋಗದಿದ್ದದ್ದೇ ಒಳ್ಳೆಯದಾಯಿತು. ಸುಮಾರು 15 ಗಂಟೆಯ ಆಟವನ್ನು ಎರಡು ಗಂಟೆಗೆ ಇಳಿಸಿದರೆ ಉಳಿಯುವುದು ಬರೀ ಓಟ, ಗುಂಡು. ಕೊನೆಗೆ 'ಚೆರ್ನೋಬಿಲ್' ಮಾಡಿದ್ದ ಕ್ರೇಗ್ ಮೇಜಿನ್, ಡ್ರಕ್‌ಮನ್ ಜೊತೆ ಸೇರಿ ಒಂಬತ್ತು ಎಪಿಸೋಡುಗಳ ಸರಣಿ ಮಾಡಿದರು. ಅದು 2023ರ ಜನವರಿಯಲ್ಲಿ ಬಂತು, ನಮ್ಮಲ್ಲಿ ಹಾಟ್‌ಸ್ಟಾರ್‌ನಲ್ಲಿ ನೋಡಿದೆವು. ಜೋಯೆಲ್ ಆಗಿ ಪೆಡ್ರೊ ಪಾಸ್ಕಲ್, ಎಲ್ಲಿಯಾಗಿ ಬೆಲ್ಲಾ ರ‍್ಯಾಮ್ಸಿ. ಗೇಮ್‌ನ ಸಂಗೀತಗಾರ ಗುಸ್ತಾವೊ ಸಾಂತಾವೊಲಾಲಾ ಅವರನ್ನು ಬದಲಾಯಿಸಲಿಲ್ಲ, ಪುಣ್ಯ.

ಈಗ ಬದಲಾವಣೆಗಳಿಗೆ ಬರೋಣ. ಮೊದಲನೆಯದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಗೇಮ್ ಶುರುವಾದಾಗ ನೀವು ಜೋಯೆಲ್‌ನ ಮಗಳು ಸಾರಾ. ಕತ್ತಲ ಮನೆಯಲ್ಲಿ ಅಪ್ಪನನ್ನು ಹುಡುಕಿಕೊಂಡು ಒಂದೊಂದೇ ಕೋಣೆ ದಾಟುತ್ತೀರಿ. ಅವಳ ಕಾಲು ನಿಮ್ಮ ಹೆಬ್ಬೆರಳಿನ ತುದಿಯಲ್ಲಿದೆ, ಆದ್ದರಿಂದ ಹದಿನೈದು ನಿಮಿಷದೊಳಗೆ ಅವಳು ಸತ್ತರೂ ಎದೆಗೆ ತಾಗುತ್ತದೆ. ಟಿವಿಯಲ್ಲಿ ಆ ಸವಲತ್ತು ಇಲ್ಲ. ಅದಕ್ಕೇ ಮೊದಲ ಎಪಿಸೋಡಿನಲ್ಲಿ ಸಾರಾಳ ಒಂದು ಇಡೀ ದಿನವನ್ನು ಸೇರಿಸಿದರು. ಬೆಳಗಿನ ತಿಂಡಿ, ಶಾಲೆ, ಅಪ್ಪನ ವಾಚ್ ರಿಪೇರಿಗೆ ಕೊಡಲು ಹೋಗುವುದು, ಆ ಅಂಗಡಿಯ ಹೆಂಗಸು ಹೆದರಿ ಅವಸರದಲ್ಲಿ ಅಂಗಡಿ ಮುಚ್ಚಿಸುವುದು. ಆಮೇಲೆ ಪಕ್ಕದ ಮನೆ. ಸಾರಾ ಕಪಾಟಿನ ಮುಂದೆ ನಿಂತು ಡಿವಿಡಿ ಆರಿಸುತ್ತಿರುತ್ತಾಳೆ, ಅವಳ ಹಿಂದೆ, ಮಸುಕಾಗಿ, ಗಾಲಿಕುರ್ಚಿಯ ಅಜ್ಜಿಯ ಬಾಯಿ ನಿಧಾನಕ್ಕೆ ತೆರೆದುಕೊಂಡು ಮೈ ಸೆಟೆಯುತ್ತದೆ. ಸಾರಾ ನೋಡುವುದಿಲ್ಲ, ನಾವು ನೋಡುತ್ತೇವೆ. ಗೇಮ್‌ನಲ್ಲಿ ಇದು ಸಾಧ್ಯವೇ ಇಲ್ಲ, ಅಲ್ಲಿ ಸಾರಾಗೆ ಕಂಡದ್ದಷ್ಟೇ ನಿಮಗೂ ಕಾಣುವುದು. ಕೈಯಿಂದ ಕಳೆದದ್ದನ್ನು ಕಣ್ಣಿನಿಂದ ವಸೂಲಿ ಮಾಡಿದ್ದು ಹೀಗೆ.

ಸೋಂಕಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಗೇಮ್‌ನಲ್ಲಿ ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ತೇಲುತ್ತವೆ, ಪಾತ್ರಗಳು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುತ್ತವೆ. ಪಾಸ್ಕಲ್ ಅವರಂಥ ನಟನ ಮುಖವನ್ನು ಮಾಸ್ಕಿನಲ್ಲಿ ಮುಚ್ಚಿದರೆ ಉಳಿಯುವುದೇನು? ಅಲ್ಲದೆ ಗಾಳಿಯಲ್ಲಿ ಹರಡುವಂತಿದ್ದರೆ ಇಷ್ಟು ಜನ ಬದುಕಿದ್ದು ಹೇಗೆ ಅನ್ನುವ ಪ್ರಶ್ನೆಯೂ ಏಳುತ್ತದೆ. ಸರಣಿಯಲ್ಲಿ ಅದರ ಜಾಗಕ್ಕೆ ನೆಲದಡಿ ಹಬ್ಬುವ ಎಳೆಗಳ ಜಾಲ ಬಂತು, ಇಲ್ಲಿ ತುಳಿದರೆ ಅಲ್ಲೆಲ್ಲೋ ಇರುವ ಸೋಂಕಿತರು ಎಚ್ಚರಗೊಳ್ಳುತ್ತಾರೆ. ಸೋಂಕು ಹಿಟ್ಟಿನಿಂದ ಹರಡಿತು ಎಂಬ ಸೂಚನೆಯೂ ಇದೆ, ಜಕಾರ್ತಾದ ಹಿಟ್ಟಿನ ಕಾರ್ಖಾನೆಯ ಪ್ರಸಂಗ ಪೂರ್ತಿ ಹೊಸದು. ಎರಡನೇ ಸೀಸನ್ನಿನಲ್ಲಿ ಬೀಜಕಣಗಳು ಮತ್ತೆ ಬಂದವು ಅನ್ನಿ.

ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಕಾರ್ಡಿಸೆಪ್ಸ್ ಗುಂಪಿನ ಶಿಲೀಂಧ್ರ ಇರುವೆಯ ಮೈ ಹೊಕ್ಕು, ಅದನ್ನು ಗಿಡ ಹತ್ತಿಸಿ, ಎಲೆಯ ನರ ಕಚ್ಚಿಸಿ ಕೊಲ್ಲುವುದು ನಿಜ. ಮನುಷ್ಯನ ಮೈಬಿಸಿ ಹೆಚ್ಚಿನ ಶಿಲೀಂಧ್ರಗಳಿಗೆ ಆಗಿಬರುವುದಿಲ್ಲ, ಅದೇ ನಮ್ಮ ರಕ್ಷಣೆ. 1968ರ ಟಿವಿ ಸಂದರ್ಶನವೆಂದು ತೋರಿಸುವ ಸರಣಿಯ ಮೊದಲ ದೃಶ್ಯ ಕೇಳುವುದು ಇದನ್ನೇ: ಭೂಮಿ ಬಿಸಿಯಾಗಿ, ಆ ಬಿಸಿಗೆ ಶಿಲೀಂಧ್ರವೂ ಒಗ್ಗಿಕೊಂಡುಬಿಟ್ಟರೆ? 2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಬ್ಲ್ಯಾಕ್ ಫಂಗಸ್ ಬಂದು, ಆಂಫೊಟೆರಿಸಿನ್ ಇಂಜೆಕ್ಷನ್ನಿಗೆ ಜನ ಪರದಾಡಿದ್ದನ್ನು ಕಂಡ ನಮ್ಮವರಿಗೆ ಆ ದೃಶ್ಯ ಬೇರೆಯೇ ಥರ ತಟ್ಟಿರುತ್ತದೆ. ಅದು ಒಬ್ಬರಿಂದೊಬ್ಬರಿಗೆ ಹರಡುವ ಕಾಯಿಲೆಯಲ್ಲ, ಆ ಮಾತು ಬೇರೆ.

ಬಿಲ್‌ನ ಕಥೆಗೆ ಬಂದರೆ, ನಿಮ್ಮ ದೂರನ್ನು ನಾನು ಒಪ್ಪುವುದಿಲ್ಲ. ಗೇಮ್‌ನಲ್ಲಿ ಬಿಲ್ ಒಬ್ಬ ಸಿಡುಕ. ಊರ ತುಂಬ ಬಲೆ ಒಡ್ಡಿಕೊಂಡು ಒಂಟಿಯಾಗಿದ್ದಾನೆ. ಕಾರಿನ ಬ್ಯಾಟರಿ ಹುಡುಕಲು ನಿಮ್ಮ ಜೊತೆ ಬರುತ್ತಾನೆ, ಹೊಡೆದಾಡುತ್ತಾನೆ. ಅವನ ಸಂಗಾತಿ ಫ್ರ್ಯಾಂಕ್ ನಮಗೆ ಸಿಗುವುದು ಹೆಣವಾಗಿ, ಬಿಲ್‌ನನ್ನು ಬೈದು ಬರೆದ ಚೀಟಿಯೊಂದಿಗೆ. ಅಲ್ಲಿ ಆ ಊರು ಇರುವುದೇ ನಿಮಗೆ ಬಲೆ, ಬಾಂಬು, ಹೊಸ ಶತ್ರುಗಳ ಅಭ್ಯಾಸ ಮಾಡಿಸಲು. ಆಡುವವನಿಗೆ ಬೇಕಾದ ಆ ಅಭ್ಯಾಸ ನೋಡುವವನಿಗೆ ಬೇಕಿಲ್ಲ. ಅಭ್ಯಾಸವನ್ನು ತೆಗೆದರೆ ಕೈಯಲ್ಲಿ ಉಳಿಯುವುದು ಇಬ್ಬರು ಗಂಡಸರು, ಅವರು ಜೊತೆಗೆ ಕಳೆದ ವರ್ಷಗಳು. ಮೇಜಿನ್ ಅದನ್ನೇ ಹಿಡಿದರು. ಮೂರನೇ ಎಪಿಸೋಡಿನಲ್ಲಿ ಫ್ರ್ಯಾಂಕ್ ಬಿಲ್ ತೋಡಿದ ಗುಂಡಿಗೆ ಬೀಳುತ್ತಾನೆ, ಒಂದು ಹೊತ್ತಿನ ಊಟಕ್ಕೆಂದು ಒಳಗೆ ಬರುತ್ತಾನೆ, ಪಿಯಾನೊ ಮುಂದೆ ಕೂರುತ್ತಾನೆ, ಹೋಗುವುದೇ ಇಲ್ಲ. ಬಂದೂಕೊಂದನ್ನು ಕೊಟ್ಟು ಗುಟ್ಟಾಗಿ ತರಿಸಿದ ಬೀಜದಿಂದ ಸ್ಟ್ರಾಬೆರಿ ಬೆಳೆದು ಇಬ್ಬರೂ ತಿನ್ನುವಾಗ ಬಿಲ್ ನಕ್ಕ ನಗು ಆ ಎಪಿಸೋಡಿನ ಪ್ರಾಣ. ಆ ಪಾತ್ರಕ್ಕೆ ನಿಕ್ ಆಫರ್ಮನ್‌ಗೆ ಎಮ್ಮಿ ಪ್ರಶಸ್ತಿಯೂ ಬಂತು.

ಇದರಿಂದ ಮುಖ್ಯ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ ಅನ್ನುವವರಿದ್ದಾರೆ. ಹೋಗಿದೆ. ಸಾಯುವ ಮುಂಚೆ ಬಿಲ್ ಜೋಯೆಲ್‌ಗೆ ಪತ್ರ ಬರೆದಿಟ್ಟಿರುತ್ತಾನೆ, ನಮ್ಮಂಥವರು ಇರುವುದೇ ಒಬ್ಬರನ್ನು ಕಾಪಾಡುವುದಕ್ಕೆ ಅನ್ನುವ ಅರ್ಥದಲ್ಲಿ. ಜೋಯೆಲ್ ಅದನ್ನು ಕೇಳುವ ಹೊತ್ತಿಗೆ ಅವನು ಕಾಪಾಡಬೇಕಿದ್ದ ಸಂಗಾತಿ ಟೆಸ್ ಸತ್ತಾಗಿದೆ. ಪತ್ರವನ್ನು ಓದಿ ಹೇಳುತ್ತಿರುವವಳು ಎಲ್ಲಿ. ಗೇಮ್‌ನಲ್ಲಿ ಜೋಯೆಲ್‌ಗೆ ಎಲ್ಲಿಯ ಹೊಣೆ ನಿಧಾನಕ್ಕೆ ಅಂಟಿಕೊಳ್ಳಲು ಹತ್ತಾರು ಗಂಟೆ ಇದೆ, ಸರಣಿಗೆ ಅಷ್ಟು ಸಮಯವಿಲ್ಲ, ಆ ಪತ್ರ ಅದರ ಕೆಲಸ ಮಾಡುತ್ತದೆ. ಆದರೂ ಮೊದಲ ಸೀಸನ್ ಅವಸರದ್ದೇ. ಆರನೇ ಎಪಿಸೋಡ್ ಮೂರು ತಿಂಗಳು ಹಾರಿಬಿಡುತ್ತದೆ. ಜೋಯೆಲ್, ಎಲ್ಲಿ ಇಬ್ಬರೇ ಸುಮ್ಮನೆ ನಡೆಯುವ ಇನ್ನೊಂದೆರಡು ಎಪಿಸೋಡ್ ಬೇಕಿತ್ತು. ಸೋಂಕಿತರೂ ಇನ್ನಷ್ಟು ಕಾಣಿಸಬೇಕಿತ್ತು, ಅವರ ಭಯವೇ ಇಲ್ಲದಿದ್ದರೆ ಆ ನಡಿಗೆಗೆ ತೂಕ ಎಲ್ಲಿಂದ ಬರಬೇಕು?

ಇನ್ನು ಮೊದಲ ಗೇಮ್ ಕೊನೆಯ ಆಸ್ಪತ್ರೆಯ ದೃಶ್ಯ. ಮದ್ದಿಗಾಗಿ ಎಲ್ಲಿಯ ಪ್ರಾಣವನ್ನೇ ತೆಗೆಯಲು ಹೊರಟಿರುತ್ತಾರೆ, ಜೋಯೆಲ್ ಅವಳನ್ನು ಬಿಡಿಸಲು ನುಗ್ಗುತ್ತಾನೆ. ಗೇಮ್‌ನಲ್ಲಿ ಆಪರೇಷನ್ ಕೋಣೆಯೊಳಗೆ ಸರ್ಜನ್ ಚಾಕು ಹಿಡಿದು ಅಡ್ಡ ನಿಲ್ಲುತ್ತಾನೆ. ನೀವು ಏನೂ ಮಾಡದೆ ಎಷ್ಟು ಹೊತ್ತು ನಿಂತರೂ ಆಟ ಮುಂದೆ ಹೋಗುವುದಿಲ್ಲ. ಅವನನ್ನು ಕೊಲ್ಲಲೇಬೇಕು, ಕೊಲ್ಲುವವರು ನೀವೇ. ಜಗತ್ತಿಗೆ ಮದ್ದು ಸಿಗುವ ಆಸೆಯನ್ನು ಒಂದು ಮಗುವಿಗಾಗಿ ಹಾಳು ಮಾಡಿದ ಪಾಪದಲ್ಲಿ ನಿಮಗೂ ಪಾಲಿದೆ. ಸರಣಿ ನೋಡುವವರಿಗೆ ಆ ಪಾಲು ಕೊಡುವುದು ಹೇಗೆ? ಕೊಡಲು ಹೋಗಲೇ ಇಲ್ಲ. ಬದಲಿಗೆ ಗುಂಡಿನ ಸದ್ದು ತಗ್ಗಿಸಿ, ಸಂಗೀತವನ್ನು ಮುಂದೆ ತಂದು, ಪಾಸ್ಕಲ್ ಮುಖದಲ್ಲಿ ಏನೂ ಇಲ್ಲದಂತೆ ಮಾಡಿದರು. ಆಯುಧ ಕೆಳಗಿಟ್ಟವನನ್ನೂ ಅವನು ಕೊಲ್ಲುತ್ತಾನೆ. ಗೇಮ್‌ನಲ್ಲಿ ನಾವು ಜೋಯೆಲ್ ಆಗಿದ್ದೆವು, ಇಲ್ಲಿ ಜೋಯೆಲ್‌ನನ್ನು ಕಂಡು ಹೆದರುತ್ತೇವೆ. ಒಂದು ಇನ್ನೊಂದಕ್ಕೆ ಸಮವಲ್ಲ, ಆದರೆ ಎರಡೂ ಪ್ರಾಮಾಣಿಕ.

ಹಾಗಾದರೆ ಮೂಲ ಕಥೆಯನ್ನು ಮುಟ್ಟದೆ, ಅದೇ ಜಗತ್ತಿನಲ್ಲಿ ಹೊಸ ಕಥೆ ಮಾಡಬಹುದಿತ್ತಲ್ಲ ಅನ್ನಬಹುದು. ಅಮೆಜಾನ್‌ನ 'ಫಾಲ್‌ಔಟ್' 2024ರಲ್ಲಿ ಮಾಡಿದ್ದು ಅದನ್ನೇ, ಅಣುಯುದ್ಧದ ನಂತರದ ಅದೇ ಅಮೆರಿಕ, ಪಾತ್ರಗಳೆಲ್ಲ ಹೊಸವು. ಅಲ್ಲಿ ಅದು ಸರಿ. 1997ರಿಂದ ಬಂದ ಆ ಗೇಮ್‌ಗಳಲ್ಲಿ ನಾಯಕ ಯಾರು, ಒಳ್ಳೆಯವನೋ ಕೆಟ್ಟವನೋ ಅನ್ನುವುದನ್ನು ಆಡುವವರೇ ತೀರ್ಮಾನಿಸುತ್ತಾರೆ, ತೆಗೆದುಕೊಳ್ಳಲು ಒಂದೇ ಕಥೆ ಅಂತ ಇಲ್ಲ. 'ಲಾಸ್ಟ್ ಆಫ್ ಅಸ್'ನಿಂದ ಜೋಯೆಲ್, ಎಲ್ಲಿ ಇಬ್ಬರನ್ನೂ ತೆಗೆದರೆ ಉಳಿಯುವುದು ಬೂಷ್ಟು ಹಿಡಿದ ಕಟ್ಟಡಗಳು.

ಆ್ಯಬಿಯ ವಿಷಯದಲ್ಲಿ ನಿಮ್ಮ ದೂರಿಗೆ ನ್ಯಾಯವಿದೆ. 2020ರಲ್ಲಿ ಬಂದ ಎರಡನೇ ಗೇಮ್‌ನ ಇಡೀ ರಚನೆ ನಿಂತಿರುವುದು ಒಂದು ಮೋಸದ ಮೇಲೆ. ಆರಂಭದಲ್ಲೇ ಆ್ಯಬಿ ಎಂಬ ಹೊಸ ಹುಡುಗಿ ಜೋಯೆಲ್‌ನನ್ನು ಹೊಡೆದು ಕೊಲ್ಲುತ್ತಾಳೆ, ಯಾಕೆಂದು ಗೊತ್ತಿಲ್ಲ. ಎಲ್ಲಿಯಾಗಿ ಸಿಯಾಟಲ್‌ನಲ್ಲಿ ಮೂರು ದಿನ ಸೇಡಿಗಾಗಿ ಅಲೆಯುತ್ತೀರಿ. ಅರ್ಧ ಆಟ ಕಳೆದ ಮೇಲೆ ನಿಮ್ಮ ಕೈಗೆ ಆ್ಯಬಿಯನ್ನೇ ಕೊಟ್ಟುಬಿಡುತ್ತಾರೆ, ಅದೇ ಮೂರು ದಿನ, ಅವಳ ಕಡೆಯಿಂದ. ಆಗ ತಿಳಿಯುತ್ತದೆ, ಆ ಸರ್ಜನ್ ಅವಳ ಅಪ್ಪ. ಕಂಟ್ರೋಲರ್ ಎಸೆದುಬಿಡಬೇಕು ಅನ್ನಿಸುತ್ತದೆ, ಆದರೂ ಗಂಟೆಗಳು ಕಳೆದಂತೆ ಅವಳ ಕೈಕಾಲು ನಿಮ್ಮದಾಗುತ್ತವೆ, ಸಿಟ್ಟು ಇಳಿಯುತ್ತದೆ.

ಎರಡನೇ ಸೀಸನ್ 2025ರ ಏಪ್ರಿಲ್‌ನಲ್ಲಿ ಶುರುವಾದದ್ದು ಆ್ಯಬಿ ಮತ್ತು ಗೆಳೆಯರು ಗೋರಿಗಳ ನಡುವೆ ನಿಂತು ಸೇಡಿನ ಮಾತಾಡುವ ದೃಶ್ಯದಿಂದ. ಮೇಜಿನ್ ಹೀಗೆ ಮಾಡಿದ್ದಕ್ಕೆ ಲೆಕ್ಕಾಚಾರವಿದೆ. ಗೇಮ್ ಕೊಂಡವರು ಎರಡನೇ ಅರ್ಧವನ್ನು ಅದೇ ವಾರ ಆಡುತ್ತಾರೆ. ಸರಣಿಯಲ್ಲಿ ಆ ಅರ್ಧ ಬರುವುದು ಮುಂದಿನ ಸೀಸನ್ನಿನಲ್ಲಿ. ಒಂದು ಮತ್ತು ಎರಡನೇ ಸೀಸನ್‌ಗಳ ನಡುವೆಯೇ ಎರಡು ವರ್ಷ ದಾಟಿತ್ತು. ಅಷ್ಟು ಕಾಲ ಕಾರಣವೇ ಹೇಳದೆ ಇಟ್ಟಿದ್ದರೆ ನೋಡುಗರ ಪಾಲಿಗೆ ಆ್ಯಬಿ ಬರೀ ರಾಕ್ಷಸಿಯಾಗಿ ಗಟ್ಟಿಯಾಗಿಬಿಡುತ್ತಿದ್ದಳು. ತರ್ಕ ಸರಿ. ಆದರೆ ಕಳೆದುಕೊಂಡದ್ದಕ್ಕೆ ಬದಲಿ ಏನೂ ಬರಲಿಲ್ಲ. ಬಿಲ್‌ಗಾಗಿ ಒಂದು ಇಡೀ ಎಪಿಸೋಡ್ ಕಟ್ಟಿದವರು ಆ್ಯಬಿಗೆ ಕೆಲವೇ ನಿಮಿಷ ಕೊಟ್ಟರು. ಆ್ಯಬಿಯಾದ ಕೇಟ್ಲಿನ್ ಡೆವರ್ ಒಳ್ಳೆಯ ನಟಿ, ಏಳು ಎಪಿಸೋಡುಗಳಲ್ಲಿ ಅವರಿಗೆ ಮಾಡಲು ಹೆಚ್ಚೇನೂ ಇರಲಿಲ್ಲ.

ಮೂರನೇ ಸೀಸನ್ ಆ್ಯಬಿಯದು, ಎರಡನೆಯದು ಮುಗಿದ ರೀತಿಯಲ್ಲೇ ಅದು ಗೊತ್ತಾಗುತ್ತದೆ. ಡ್ರಕ್‌ಮನ್ 2025ರ ಜುಲೈನಲ್ಲಿ ಸರಣಿಯ ಕೆಲಸದಿಂದ ಹಿಂದೆ ಸರಿದು ಸ್ಟುಡಿಯೊಗೆ ಮರಳಿದರು, ಎರಡನೇ ಗೇಮ್‌ನ ಸಹಲೇಖಕಿ ಹ್ಯಾಲಿ ಗ್ರಾಸ್ ಕೂಡ ಸರಣಿ ಬಿಟ್ಟರು. ಹಾಗಾಗಿ ಅತಿ ಕಷ್ಟದ ದೃಶ್ಯ ಮೇಜಿನ್ ಹೆಗಲಿಗೆ ಬಿದ್ದಿದೆ. ರಂಗಮಂದಿರದಲ್ಲಿ ಎಲ್ಲಿ, ಆ್ಯಬಿ ಎದುರಾಗುವ ಆ ಹೊಡೆದಾಟ ನಿಮಗೆ ನೆನಪಿರಲೇಬೇಕು. ಅಲ್ಲಿ ನಿಮ್ಮ ಕೈಯಲ್ಲಿರುವುದು ಆ್ಯಬಿ, ಬಟನ್ ಒತ್ತಿ ನೀವು ಹೊಡೆಯಬೇಕಾದದ್ದು ಎಲ್ಲಿಯನ್ನು. ಎಷ್ಟೋ ಜನ ಬೇಕೆಂದೇ ಸೋತು ನೋಡಿದ್ದಾರೆ, ಸೋತರೆ ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತದೆ. ಅದಕ್ಕೆ ಟಿವಿಯಲ್ಲಿ ಬದಲಿ ಏನೆಂದು ನನಗಂತೂ ಹೊಳೆಯುತ್ತಿಲ್ಲ. ಮೇಜಿನ್‌ಗೆ ಹೊಳೆದಿದ್ದರೆ, ಗೇಮ್‌ನಲ್ಲಿ ಇಲ್ಲದ ಯಾವುದೋ ಒಂದು ಎಪಿಸೋಡ್ ಅದಕ್ಕೆ ಮೊದಲು ಬಂದಿರುತ್ತದೆ, ಆಗ ನೀವು ಮತ್ತೆ ನನಗೆ ಪತ್ರ ಬರೆಯುತ್ತೀರಿ.