ಉಪ್ಪು ನೀರೊಡೆಯುವ ಮೊದಲು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲ ಗಟ್ಟಿಯಾಗಿ ಹಿಡಿಯಿತು ಅಂತ ಮೊದಲು ಹೇಳುತ್ತಿದ್ದದ್ದು ಉಪ್ಪಿನ ಮರಿಗೆ. ಮೃಗಶಿರಾ ಮಳೆ ಶುರುವಾಗಿ ನಾಲ್ಕು ದಿನ ಕಳೆದರೆ ಹರಳುಪ್ಪಿನ ಮೇಲೆ ಎಣ್ಣೆ ಸವರಿದಂಥ ಹೊಳಪು. ಇನ್ನೆರಡು ದಿನಕ್ಕೆ ಮರಿಗೆಯ ತಳದಲ್ಲಿ ನೀರು. ಯಾರೂ ನೀರು ಹಾಕಿಲ್ಲ, ಮಾಡೂ ಸೋರಿಲ್ಲ. ಹಾಗಾದರೆ ಆ ನೀರು ಬಂದದ್ದು ಎಲ್ಲಿಂದ?

ಗಾಳಿಯಿಂದ. ಗಾಳಿ ತನ್ನಲ್ಲಿ ಇಷ್ಟೇ ನೀರಾವಿ ಇಟ್ಟುಕೊಳ್ಳಬಲ್ಲದು ಅಂತ ಒಂದು ಮಿತಿ ಇದೆ. ಆ ಮಿತಿಯ ಶೇ. 75ರಷ್ಟು ತುಂಬಿತು ಅಂದರೆ ಶುದ್ಧ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಹರಳುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಶೇ. 80 ದಾಟಿ ಕೆಲವು ದಿನ ಹಾಗೇ ನಿಂತರೆ ಗೋಡೆ, ಚರ್ಮದ ಚಪ್ಪಲಿ, ರೇಷ್ಮೆ ಸೀರೆ ಎಲ್ಲದರ ಮೇಲೂ ಬೂಷ್ಟು. ಅಂದರೆ ಉಪ್ಪು ನೀರೊಡೆದದ್ದು ಒಂದು ಮುನ್ಸೂಚನೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆ ಸುತ್ತಿನ ಮನೆಗಳಲ್ಲಿ ಮೇ ತಿಂಗಳು ಪೂರ್ತಿ ತಯಾರಿಯ ತಿಂಗಳು. ಮೇಲಿಂದ ಬೀಳುವ ನೀರನ್ನು ತಡೆಯುವುದು ಅದರಲ್ಲಿ ಅರ್ಧ ಕೆಲಸ ಮಾತ್ರ. ಹಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಮಾಡಿನ ನೀರು ಹರಿಯುವ ದೋಣಿಯ ಕಸ ತೆಗೆದರೆ ಅದು ಹೆಚ್ಚುಕಡಿಮೆ ಮುಗಿಯಿತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕೆಲಸ ಸಾಕಷ್ಟು ಹಗುರವಾಗಿದೆ.

ಗೋಡೆಯದು ಬೇರೆ ಕಥೆ. ಗಾಳಿ ಬೀಸುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರಲ್ಲ, ಒಮ್ಮೆ ಹತ್ತಿರ ಹೋಗಿ ನೋಡಿ. ತಟ್ಟಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಇರುತ್ತದೆ. ಎರಚಲು ಸೋಗೆಗೆ ಬಡಿದು ಅಲ್ಲೇ ಕೆಳಗಿಳಿಯುತ್ತದೆ. ತಪ್ಪಿ ಒಳಬಂದ ತೇವವನ್ನು ನಡುವಿನ ಗಾಳಿ ಒಯ್ಯುತ್ತದೆ. ಈಗ ಎಷ್ಟೋ ಕಡೆ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಂಟಿಸಿದಂತೆ ಬಿಗಿಯುತ್ತಾರೆ. ಮಣ್ಣಿನ ಗೋಡೆ ನೆಲದ ನೀರನ್ನು ಬತ್ತಿ ಎಣ್ಣೆ ಹೀರಿದ ಹಾಗೆ ಮೇಲಕ್ಕೆ ಹೀರುತ್ತಲೇ ಇರುತ್ತದೆ. ಆ ನೀರು ಹೊರಹೋಗಲು ದಾರಿಯೇ ಇಲ್ಲದಿದ್ದರೆ ಗೋಡೆ ಒಳಗೇ ಮೆತ್ತಗಾಗುತ್ತದೆ. ಮಣ್ಣಿನ ಗೋಡೆಯ ಮೇಲಿನ ಸಿಮೆಂಟ್ ಗಾರೆಯೂ ಇದೇ ತೊಂದರೆ ಮಾಡುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಗೆ ಬಿಡುತ್ತದೆ.

ಇನ್ನು ಸೌದೆ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಅದು ಹೊರಗೆ ಬರುವುದು ಮುಖ್ಯವಾಗಿ ಕಡಿದ ತುದಿಗಳಿಂದ, ತೊಗಟೆ ಅದಕ್ಕೆ ಅಡ್ಡ. ಅದಕ್ಕೇ ಬೇಸಿಗೆಯಲ್ಲೇ ತುಂಡು ಮಾಡಿ ಸೀಳಿ ಒಟ್ಟುವುದು. ಶೇ. 20ಕ್ಕಿಂತ ಕಡಿಮೆ ನೀರಿದ್ದರೆ ಚೆನ್ನಾಗಿ ಉರಿಯುತ್ತದೆ. ಜುಲೈ ತಿಂಗಳ ಗಾಳಿಯಲ್ಲಿ ಚೆನ್ನಾಗಿ ಒಣಗಿದ ಸೌದೆಯೂ ನಿಧಾನಕ್ಕೆ ತೇವ ಹೀರಿ ಆ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇನ್ನು ಹಸಿಯಾಗಿ ಒಟ್ಟಿದ್ದು ಒಣಗುವ ಮಾತೆಲ್ಲಿ ಬಂತು?

ಇಷ್ಟೆಲ್ಲ ಯಾಕೆಂದರೆ ಬಚ್ಚಲೊಲೆ ಮತ್ತು ಅಡುಗೆಮನೆಯ ಒಲೆ ಬರೀ ನೀರು ಕಾಯಿಸುವುದಕ್ಕೆ, ಅನ್ನ ಬೇಯಿಸುವುದಕ್ಕೆ ಇದ್ದದ್ದಲ್ಲ. ಒಂದು ಸಣ್ಣ ಲೆಕ್ಕ ನೋಡಿ. 22 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 19 ಗ್ರಾಂ ನೀರಾವಿ ಹಿಡಿಯುತ್ತದೆ. ಹೊರಗೆ ಜಡಿಮಳೆ, ಗಾಳಿ ತುಂಬಿ ತುಳುಕುತ್ತಿದೆ, ಅಂದರೆ ಶೇ. 100. ಅದೇ ಗಾಳಿಯನ್ನು 27 ಡಿಗ್ರಿಗೆ ಬೆಚ್ಚಗೆ ಮಾಡಿ. ಈಗ ಅದರ ಮಿತಿ ಸುಮಾರು 26 ಗ್ರಾಂ. ಒಂದು ಹನಿ ನೀರನ್ನೂ ತೆಗೆಯದೆ ಶೇ. 100 ಇದ್ದದ್ದು 75ಕ್ಕೆ ಇಳಿಯಿತು! ಒಲೆಯ ಮೇಲಿನ ಅಟ್ಟ 35 ಡಿಗ್ರಿಗೆ ಕಾದರೆ ಅಲ್ಲಿ ಶೇ. 50ರಷ್ಟೇ. ಹಲಸಿನ ಹಪ್ಪಳ, ಬಾಳಕದ ಮೆಣಸು, ಬಿತ್ತನೆ ಬೀಜ ಎಲ್ಲ ಅಟ್ಟಕ್ಕೇ ಏರುತ್ತಿದ್ದದ್ದು ಸುಮ್ನೆ ಅಲ್ಲ. ಹೊಗೆಯೂ ಒಳಗಿನ ಆವಿಯೂ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿದ್ದವು.

ಹೊಗೆಯಲ್ಲಿ ಕೆಮ್ಮುತ್ತಾ ಅಡುಗೆ ಮಾಡಿದ ಅಮ್ಮಂದಿರನ್ನು ಕಂಡವರು ಆ ಒಲೆಯೇ ಬೇಕು ಅನ್ನಲಾರರು. ನಾನೂ ಅನ್ನುವುದಿಲ್ಲ. ಆದರೆ ಗ್ಯಾಸ್ ಬಂದಾಗ ಮನೆಯ ಒಣಗಿಸುವ ಯಂತ್ರವೂ ಆರಿಹೋಯಿತು ಅನ್ನೋದು ನಮಗೆ ಹೊಳೆಯಲೇ ಇಲ್ಲ. ಜೊತೆಗೆ ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಹೊರಬರುತ್ತದೆ. 14.2 ಕಿಲೋ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 20 ಲೀಟರ್‌ಗೂ ಜಾಸ್ತಿ. ಇದರ ಮೇಲೆ ಒಳಗೇ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತೇವೆ. ಗಟ್ಟಿಯಾಗಿ ಮುಚ್ಚಿದ ತಾರಸಿ ಮನೆಯಲ್ಲಿ ಇದೆಲ್ಲ ಹೋಗಿ ಕೂರುವುದು ಬೀರುವಿನ ಹಿಂದಿನ ತಣ್ಣನೆ ಗೋಡೆಯ ಮೇಲೆ. ಮುಗ್ಗಲು ವಾಸನೆ ಮೊದಲು ಬರುವುದೂ ಅಲ್ಲಿಂದಲೇ, ಅಲ್ವಾ?

ಹಾಗಾಗಿ ಮೇ ಮುಗಿಯುವುದರೊಳಗೆ ಬೀರುವನ್ನು ಗೋಡೆಯಿಂದ ಅರ್ಧ ಗೇಣು ಈಚೆ ಎಳೆಯಿರಿ. ಅಡುಗೆಮನೆಗೆ ಗಾಳಿ ಹೊರದೂಡುವ ಫ್ಯಾನ್ ಹಾಕಿಸಿ. ಮಳೆ ಸ್ವಲ್ಪ ಹೊಳವಾಗಿ ಬಿಸಿಲು ಬಿದ್ದರೆ ಕಿಟಕಿ, ಬೀರು ಎಲ್ಲ ತೆಗೆದಿಡಿ. ಒಣಗಿದ ಹರಳುಪ್ಪನ್ನು ಎರಡು ಚಿಕ್ಕ ಬಟ್ಟಲಲ್ಲಿ ಹಾಕಿ, ಒಂದನ್ನು ಅಡುಗೆಮನೆಯಲ್ಲೂ ಇನ್ನೊಂದನ್ನು ಬೀರುವಿನ ಹಿಂದೆಯೂ ಇಡಿ. ಆರಿದ್ರಾ ಮಳೆ ಬರುವಷ್ಟರಲ್ಲಿ ಯಾವ ಬಟ್ಟಲು ಮೊದಲು ನೀರೊಡೆಯಿತೋ, ಆ ಕಡೆಯ ಗೋಡೆಯನ್ನು ಮೊದಲು ನೋಡಿ.